ಪ್ರತಿಕ್ರಿಯೆ: ಯುರೋಪಿನ ಕೀಟನಾಶಕ ಮಿತಿಗೆ ಬದಿಯಡ್ಕದಿಂದ ಆಕ್ಷೇಪ ಸಲ್ಲಿಸಬಹುದೇ?

ಕಾಸರಗೋಡಿನ ಬದಿಯಡ್ಕ ಕಡೆಯ ಕಾಳುಮೆಣಸಿನಲ್ಲಿ ಕೀಟನಾಶಕದ ಉಳಿಕೆ ಇಷ್ಟೇ ಇರಬೇಕೆಂದು ಯುರೋಪಿನಲ್ಲಿ ಯಾರು ತೀರ್ಮಾನಿಸುತ್ತಾರೆ, ನಾವು ಆಕ್ಷೇಪ ಹೇಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೇಳಬಹುದು, ಆದರೆ ಕರಡು ಹಂತದಲ್ಲೇ.

ಮಿತಿಯ ಕರಡು ಬರೆಯುವುದು ಯುರೋಪಿಯನ್ ಯೂನಿಯನ್ನಿನ ಆಡಳಿತಾಂಗವಾದ ಯುರೋಪಿಯನ್ ಕಮಿಷನ್, ಮತ ಹಾಕುವುದು 27 ದೇಶಗಳ ಪ್ರತಿನಿಧಿಗಳ ಸ್ಥಾಯೀ ಸಮಿತಿ. ಕಾರ್ಯಸೂಚಿ, ಒಟ್ಟು ಫಲಿತಾಂಶ ಇಂಥ ಸಮಿತಿಗಳ ದಾಖಲೆ ಇಡುವ ಕಮಿಷನ್ನಿನ ಜಾಲತಾಣವಾದ ಕಾಮಿಟಾಲಜಿ ರಿಜಿಸ್ಟರಿನಲ್ಲಿ ಸಿಗುತ್ತವೆ. ಯಾವ ದೇಶ ಯಾವ ಕಡೆ ನಿಂತಿತು ಎಂಬುದು ಅಲ್ಲಿರುವುದಿಲ್ಲ. ದೊಡ್ಡ ಲೋಪ ಇದೇ. ತಮ್ಮ ಸರ್ಕಾರದ ಮತವೇ ತಿಳಿಯದಿದ್ದರೆ ಅಲ್ಲಿನ ಪ್ರಜೆಗಳು ಯಾರ ಹತ್ತಿರ ಲೆಕ್ಕ ಕೇಳಬೇಕು?

ನಿಮಗಿರುವ ದಾರಿ ವಿಶ್ವ ವ್ಯಾಪಾರ ಸಂಸ್ಥೆಯದು. ದೇಶಗಳ ಹೊಸ ನಿಯಮಗಳ ಕರಡನ್ನು ತಿಳಿಸುವ ಇ-ಪಿಂಗ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿ, ಯುರೋಪಿಯನ್ ಯೂನಿಯನ್ ಮತ್ತು ಮೆಣಸಿನ ಕಸ್ಟಮ್ಸ್ ಕೋಡ್ 0904 ಆರಿಸಿ. ಕರಡಿನ ಸೂಚನೆ ಇಮೇಲಿಗೆ ಬರುತ್ತದೆ. ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ. ನಿಮ್ಮ ಅಭಿಪ್ರಾಯ ಭಾರತದ ಎಸ್‌ಪಿಎಸ್ (ಆಹಾರ ಸುರಕ್ಷತೆ, ಪ್ರಾಣಿ-ಸಸ್ಯ ಆರೋಗ್ಯದ ನಿಯಮಗಳ) ವಿಚಾರಣಾ ಕೇಂದ್ರದ ಮೂಲಕ ಹೋಗಬೇಕಾದ್ದರಿಂದ ಮೊದಲ ತಿಂಗಳಲ್ಲೇ ಕಳಿಸಿ. ಕೊನೆಯ ವಾರ ಕಳಿಸಿದ್ದು ಅಲ್ಲೇ ಉಳಿದುಬಿಡುವ ಸಂಭವ ಹೆಚ್ಚು. "ರೈತರಿಗೆ ನಷ್ಟ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅಧಿಸೂಚನೆ ಸಂಖ್ಯೆ, ಅನುಬಂಧದ ಸಾಲು, ರಾಸಾಯನಿಕದ ಹೆಸರು, ಲ್ಯಾಬ್ ವರದಿ ಸೇರಿಸಿ.

ಪ್ರತ್ಯೇಕ ಮಿತಿ ಇಲ್ಲದ ರಾಸಾಯನಿಕಕ್ಕೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಅನ್ವಯ. ಅದನ್ನು ಏರಿಸಲು ಪ್ರಯೋಗದ ದತ್ತಾಂಶದೊಂದಿಗೆ 'ಆಮದು ಸಹಿಷ್ಣುತೆ' (ಆಮದು ಸರಕಿಗೆ ಬೇರೆ ಮಿತಿ ಕೋರುವ) ಅರ್ಜಿ ಬೇಕು. ಬೆಳೆಗಾರರೂ ಹಾಕಬಹುದು, ಆದರೆ ಒಬ್ಬರ ಕೈಲಾಗದ ಖರ್ಚು. ಸೊಸೈಟಿ ಮೂಲಕವೇ ಹೋಗಿ.