ಓದುಗರ ಪ್ರಶ್ನೆ: ಬ್ಲಾಗಿನ ಜಾಗಕ್ಕೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಕೈತೋಟದ ಬಗ್ಗೆ ಕನ್ನಡದಲ್ಲಿ ಬ್ಲಾಗು ಬರೆಯುತ್ತಿದ್ದೇನೆ. ತಿಂಗಳಿಗೆ ಸುಮಾರು 14,000 ಪುಟವೀಕ್ಷಣೆಗಳಿವೆ. ಗೂಗಲ್‌ನ ಜಾಹೀರಾತು ಜಾಲವಾದ ಆ್ಯಡ್‌ಸೆನ್ಸ್‌ನಿಂದ ಬರುವ ಹಣ ಇಂಟರ್‌ನೆಟ್ ಬಿಲ್ಲಿಗೂ ಸಾಲುವುದಿಲ್ಲ. ಈಚೆಗೆ ನಮ್ಮ ಸಮೀಪದ ನರ್ಸರಿಯವರು ಫೋನು ಮಾಡಿ, ತಮ್ಮ ಜಾಹೀರಾತು ಹಾಕಲು ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ಏನು ಹೇಳಬೇಕೆಂದು ತೋಚದೆ, ವಿಚಾರಿಸಿ ತಿಳಿಸುತ್ತೇನೆ ಎಂದೆ. ದರ ನಿಗದಿ ಮಾಡುವುದು ಹೇಗೆ? ಕರಾರುಪತ್ರ ಬೇಕೇ? ತೆರಿಗೆಯ ತೊಡಕು ಇದೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ವಿಚಾರಿಸಿ ತಿಳಿಸುತ್ತೇನೆ ಎಂದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಅವಸರಕ್ಕೆ ಒಂದು ಮೊತ್ತ ಹೇಳಿಬಿಟ್ಟರೆ ಆಮೇಲೆ ಅದನ್ನು ಏರಿಸುವುದು ಕಷ್ಟ.

ಜಾಹೀರಾತು ಜಾಲಗಳ ಲೆಕ್ಕವೆಲ್ಲ ಸಾವಿರ ವೀಕ್ಷಣೆಗೆ ಇಷ್ಟು ಎಂಬ ಅಳತೆಯಲ್ಲಿ ನಡೆಯುತ್ತದೆ. ಆ ಅಳತೆಯಲ್ಲಿ ನಿಮ್ಮ ಬಳಿ ಮಾರಲು ಇರುವುದು ತಿಂಗಳಿಗೆ ಹದಿನಾಲ್ಕೇ ಹದಿನಾಲ್ಕು ಸಾವಿರ. ಸಾವಿರಕ್ಕೆ 50 ರೂಪಾಯಿ ಎಂದುಕೊಂಡರೂ ಕೈಗೆ ಬರುವುದು 700 ರೂಪಾಯಿ. ಆದರೆ ನರ್ಸರಿಯವರು ನಿಮಗೆ ಫೋನು ಮಾಡಿದ್ದು ಆ ಹದಿನಾಲ್ಕು ಸಾವಿರ ಎಂಬ ಸಂಖ್ಯೆಗಾಗಿ ಅಲ್ಲ, ಅದರೊಳಗೆ ಗಿಡ ಕೊಳ್ಳುವ ಮನಸ್ಸಿರುವ ಜನ ಇದ್ದಾರೆ ಎಂಬ ಕಾರಣಕ್ಕೆ. ಆದ್ದರಿಂದ ದರ ಹೇಳುವ ಮುನ್ನ ನಿಮ್ಮ ಓದುಗರು ಯಾವ ಲೇಖನಕ್ಕೆ, ಏನನ್ನು ಹುಡುಕಿಕೊಂಡು, ಯಾವ ಊರಿನಿಂದ ಬರುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಹುಡುಕಿದ ಪದಗಳು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಸಿಗುತ್ತವೆ. ಊರುಗಳ ಅಂದಾಜು ಅನಲಿಟಿಕ್ಸ್‌ನಲ್ಲಿ ಸಿಗುತ್ತದೆ. ನಿಮ್ಮ ಮಲ್ಲಿಗೆಯ ಲೇಖನವನ್ನು ಓದುವವರಲ್ಲಿ ಹೆಚ್ಚಿನವರು ಬೆಂಗಳೂರಿನವರಾಗಿದ್ದು, ನರ್ಸರಿಯವರು ಕೊರಿಯರ್‌ನಲ್ಲಿ ಗಿಡ ಕಳುಹಿಸುವವರಲ್ಲದಿದ್ದರೆ ಅವರಿಗೆ ಅದರಿಂದ ಉಪಯೋಗವಿಲ್ಲ, ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಪೊದೆಮೆಣಸಿನ ಲೇಖನವನ್ನು ಶಿರಸಿ, ಸಿದ್ದಾಪುರ, ಸಾಗರದ ಕಡೆಯವರು ಓದುತ್ತಿದ್ದರೆ ಅದೇ ನಿಮ್ಮ ಬೆಲೆಬಾಳುವ ಜಾಗ.

ದರವನ್ನು ಅಂಗಡಿಯವರ ಕಡೆಯಿಂದ ಎಣಿಸಿ. ಉದಾಹರಣೆಗೆ, ಒಬ್ಬ ಗಿರಾಕಿ ಬಂದು 600 ರೂಪಾಯಿಯ ಗಿಡ ಕೊಂಡರೆ ಮಾಲೀಕರಿಗೆ ಖರ್ಚು ಕಳೆದು 200 ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ನೀವು ತಿಂಗಳಿಗೆ 1,500 ಕೇಳಿದರೆ ಎಂಟು ಗಿರಾಕಿಗಳು ಬಂದ ಮೇಲಷ್ಟೇ ಅವರ ಹಣ ಹುಟ್ಟುತ್ತದೆ. ನಿಮ್ಮ ಬ್ಲಾಗಿನಿಂದ ತಿಂಗಳಿಗೆ ಎಂಟು ಜನ ಅಲ್ಲಿಗೆ ಹೋದಾರೆಂಬ ಧೈರ್ಯ ನಿಮಗಿದ್ದರೆ 1,500 ಕೇಳಿ, ಇಲ್ಲವಾದರೆ ಸಾವಿರಕ್ಕೆ ಇಳಿಯಿರಿ. ನನ್ನನ್ನು ಕೇಳಿದರೆ, ಮೊದಲ ಸಲ ಮೂರು ತಿಂಗಳಿಗೆ 3,000 ಎಂದು ಒಟ್ಟಾಗಿ ಹೇಳಿ, ಪೂರ್ತಿ ಮುಂಗಡ ಕೊಟ್ಟರೆ 2,500 ಎಂದು ಬಿಡುತ್ತಿದ್ದೆ. ಮಲೆನಾಡಿನಲ್ಲಿ ಜನ ಗಿಡ ನೆಡುವುದು ಮಳೆ ಹಿಡಿದ ಮೇಲೆ, ಹಾಗಾಗಿ ಆ ಮೂರು ತಿಂಗಳು ಮೇ, ಜೂನ್, ಜುಲೈ ಆಗಿರಲಿ. ಜನವರಿಯಲ್ಲಿ ನರ್ಸರಿಯ ಜಾಹೀರಾತು ಹಾಕಿ, ಯಾರೂ ಬರಲಿಲ್ಲ ಎಂದು ಅನ್ನಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಹೀಗೆ ತಿಂಗಳ ಲೆಕ್ಕದಲ್ಲಿ ಜಾಗ ಮಾರುವುದನ್ನು ಹಳೆಯ ಕಾಲದ ಪದ್ಧತಿ ಎಂದು ಯಾರಾದರೂ ಆಡಿಕೊಂಡರೆ ಸಂಕೋಚಪಡಬೇಡಿ. ವೆಬ್ ಜಾಹೀರಾತು ಶುರುವಾದದ್ದೇ ಹಾಗೆ. ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆ 1994ರ ಅಕ್ಟೋಬರ್ 27ರಂದು 468×60 ಪಿಕ್ಸೆಲ್ ಅಳತೆಯ ಬ್ಯಾನರುಗಳನ್ನು ಹಾಕಿದಾಗ, ಆ ಜಾಗವನ್ನು ಕಂಪನಿಗಳಿಗೆ ನೇರವಾಗಿಯೇ ಮಾರಿತ್ತು.

ಜಾಗದ ಬಗ್ಗೆ ಒಂದು ಎಚ್ಚರಿಕೆ ಬೇಕು. ಬ್ಲಾಗು ಬರೆಯುವವರು ಕಂಪ್ಯೂಟರಿನಲ್ಲಿ ಕುಳಿತು ಬಲಬದಿಯ ಪಟ್ಟಿಯನ್ನು ತೋರಿಸಿ ಜಾಹೀರಾತು ಒಪ್ಪಿಕೊಳ್ಳುತ್ತಾರೆ. ಓದುಗರು ಬರುವುದು ಮೊಬೈಲಿನಲ್ಲಿ. ಮೊಬೈಲಿನಲ್ಲಿ ಆ ಬದಿಪಟ್ಟಿ ಲೇಖನ, ಪ್ರತಿಕ್ರಿಯೆ, ಹಳೆಯ ಬರಹಗಳ ಪಟ್ಟಿ ಎಲ್ಲ ಮುಗಿದ ಮೇಲೆ ಪುಟದ ತಳಕ್ಕೆ ಜಾರಿರುತ್ತದೆ, ಕೆಲವು ವಿನ್ಯಾಸಗಳಲ್ಲಿ ಕಾಣುವುದೇ ಇಲ್ಲ. ನಿಮ್ಮ ಫೋನಿನಲ್ಲಿ ಬ್ಲಾಗು ತೆರೆದು, ಬೆರಳಿನಿಂದ ಎಷ್ಟು ಸಲ ಸರಿಸಿದ ಮೇಲೆ ಆ ಜಾಗ ಸಿಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ನರ್ಸರಿಯವರೂ ತಮ್ಮ ಫೋನಿನಲ್ಲಿ ಅದನ್ನೇ ಮಾಡುತ್ತಾರೆ. 728×90ರ ಉದ್ದ ಬ್ಯಾನರು ಮೊಬೈಲಿಗೆ ಹೊಂದುವುದಿಲ್ಲ; 300×250ರ ಚೌಕಟ್ಟನ್ನು ಗಿಡಗಳ ಬಗೆಗಿನ ನಾಲ್ಕೈದು ಲೇಖನಗಳಲ್ಲಿ ಎರಡನೆಯ ಅಥವಾ ಮೂರನೆಯ ಪ್ಯಾರಾ ಆದ ಮೇಲೆ ಹಾಕಿದರೆ ಕಣ್ಣಿಗೆ ಬೀಳುತ್ತದೆ. ಮೇಲ್ಗಡೆ ‘ಜಾಹೀರಾತು’ ಎಂಬ ಪದ ಸ್ಪಷ್ಟವಾಗಿರಲಿ. ಆ್ಯಡ್‌ಸೆನ್ಸ್ ಇರುವ ಪುಟದಲ್ಲಿ ನೇರ ಜಾಹೀರಾತು ಹಾಕಲು ಅಡ್ಡಿಯಿಲ್ಲ.

ಫಲ ಬಂತೇ ಎಂದು ತಿಳಿಯುವುದಕ್ಕೆ ಕ್ಲಿಕ್ಕುಗಳ ಎಣಿಕೆಗಿಂತ ಒಂದು ಸರಳ ಉಪಾಯವಿದೆ. ಜಾಹೀರಾತು ಮುಟ್ಟಿದರೆ ನರ್ಸರಿಯ ವಾಟ್ಸ್‌ಆ್ಯಪ್ ತೆರೆಯುವಂತೆ ಮಾಡಿ. ಆ ಕೊಂಡಿಯಲ್ಲಿಯೇ ಸಂದೇಶವನ್ನು ಮೊದಲೇ ಬರೆದಿಡಲು ಬರುತ್ತದೆ: ‘ಕೈತೋಟದ ಬ್ಲಾಗಿನಲ್ಲಿ ನೋಡಿದೆ, ಪೊದೆಮೆಣಸಿನ ಗಿಡ ಇದೆಯೇ?’ ಗಿರಾಕಿ ಕಳುಹಿಸುವ ಗುಂಡಿ ಒತ್ತಿದರೆ ಸಾಕು. ತಿಂಗಳ ಕೊನೆಗೆ ಅಂಥ ಸಂದೇಶಗಳು ಎಷ್ಟು ಬಂದವು ಎಂಬುದು ನರ್ಸರಿಯವರ ಫೋನಿನಲ್ಲಿಯೇ ಇರುವುದರಿಂದ ನೀವು ಅಂಕಿ ಅಂಶದ ವರದಿ ಕೊಟ್ಟು ನಂಬಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಕರಾರು ಖಂಡಿತ ಬೇಕು, ಆದರೆ ಅದಕ್ಕೆ ಛಾಪಾಕಾಗದ ಬೇಕಿಲ್ಲ. ಇಬ್ಬರೂ ಒಪ್ಪಿದ ಒಂದು ಇಮೇಲ್ ಸಾಕು. ನನ್ನ ಮೊದಲ ಜಾಹೀರಾತುದಾರರು ಒಂದು ಸೀರೆ ಅಂಗಡಿಯವರು. ಆರು ತಿಂಗಳಿಗೆ ಎಂದು ಬಾಯಿಮಾತಿನಲ್ಲಿ ಒಪ್ಪಿ, ಒಂದು ತಿಂಗಳ ಹಣ ಕೊಟ್ಟರು. ಮುಂದಿನದಕ್ಕೆ ಇವತ್ತು ನಾಳೆ ಎನ್ನುತ್ತಾ ಹೋದರು. ತೆಗೆದರೆ ಬೇಸರಿಸಿಕೊಂಡಾರೆಂದು ನಾನೂ ಸುಮ್ಮನಿದ್ದೆ. ಯುಗಾದಿಯ ಬೆಳಗ್ಗೆ ನೋಡಿದರೆ ನನ್ನ ಬ್ಲಾಗಿನಲ್ಲಿ ‘ದೀಪಾವಳಿ ರಿಯಾಯಿತಿ ಇನ್ನು ಮೂರೇ ದಿನ’ ಎಂಬ ಫಲಕ ಹಣತೆಯ ಚಿತ್ರದ ಸಮೇತ ನಗುತ್ತಿತ್ತು. ಇಂಥದ್ದು ನಿಮಗಾಗಬಾರದೆಂದರೆ ಶುರುವಾಗುವ ಮತ್ತು ಮುಗಿಯುವ ದಿನಾಂಕ, ಯಾವ ಯಾವ ಪುಟ, ಎಷ್ಟು ಅಳತೆ, ವಿನ್ಯಾಸ ಮಾಡಿಸುವವರು ಯಾರು, ನಡುವೆ ಎಷ್ಟು ಸಲ ಬದಲಾಯಿಸಿಕೊಡುತ್ತೀರಿ, ಬ್ಲಾಗು ಕೆಲವು ದಿನ ತೆರೆಯದೆ ಹೋದರೆ ಅಷ್ಟು ದಿನ ಮುಂದುವರಿಸುತ್ತೀರಿ ಎಂಬುದೆಲ್ಲ ಬರಹದಲ್ಲಿ ಇರಲಿ. ಇನ್ನೊಂದು ವಾಕ್ಯವನ್ನು ಮರೆಯದೆ ಸೇರಿಸಿ: ಜಾಹೀರಾತಿಗೂ ಲೇಖನಕ್ಕೂ ಸಂಬಂಧವಿಲ್ಲ. ಅವರಿಂದ ತಂದ ಕಸಿಗಿಡ ಒಣಗಿದರೆ ಒಣಗಿತು ಎಂದು ಬರೆಯುವ ಸ್ವಾತಂತ್ರ್ಯ ನಿಮಗೆ ಉಳಿಯಬೇಕು, ಏಕೆಂದರೆ ಓದುಗರ ಆ ನಂಬಿಕೆಯಿಂದಲೇ ನಿಮ್ಮ ಜಾಗಕ್ಕೆ ಬೆಲೆ ಬಂದಿದೆ.

ತೆರಿಗೆಯ ಮಾತು ಚಿಕ್ಕದು. ಈ ಹಣವನ್ನು ಆದಾಯ ತೆರಿಗೆಯ ವಿವರಪಟ್ಟಿಯಲ್ಲಿ ತೋರಿಸಬೇಕು. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿ ವಸೂಲಿ ಮಾಡುವಂತಿಲ್ಲ. ಕ್ರಮಸಂಖ್ಯೆ, ದಿನಾಂಕ, ಮೊತ್ತ ಇರುವ ರಸೀದಿ ಕೊಟ್ಟು, ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ಪ್ರಶ್ನೆ: ನನ್ನದು ಪ್ರವಾಸದ ಬ್ಲಾಗು. ಒಂದು ಸಂಸ್ಥೆಯವರು ತಾವೇ ಬರೆದ ಲೇಖನವನ್ನು ಹಾಕಿ, ಒಂದು ಕೊಂಡಿ ಕೊಟ್ಟರೆ 2,500 ರೂಪಾಯಿ ಕೊಡುತ್ತೇವೆ, ಜಾಹೀರಾತು ಎಂದು ಮಾತ್ರ ನಮೂದಿಸಬಾರದು ಎನ್ನುತ್ತಿದ್ದಾರೆ. ಒಪ್ಪಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ಅವರಿಗೆ ಬೇಕಾದದ್ದು ನಿಮ್ಮ ಓದುಗರಲ್ಲ, ಗೂಗಲ್‌ನ ಹುಡುಕಾಟದಲ್ಲಿ ತಮ್ಮ ತಾಣವನ್ನು ಮೇಲಕ್ಕೇರಿಸಲು ನಿಮ್ಮ ಕೊಂಡಿ. ಹಣ ಪಡೆದು ಕೊಟ್ಟ ಕೊಂಡಿಯನ್ನು ಗುರುತಿಸಲೆಂದೇ ಗೂಗಲ್ 2019ರಲ್ಲಿ ‘ಸ್ಪಾನ್ಸರ್ಡ್’ ಎಂದು ಕೊಂಡಿಯ ಕೋಡಿನಲ್ಲಿ ಸೇರಿಸುವ ಗುರುತನ್ನು ತಂದಿದೆ. ಅಂಥ ಗುರುತಿಲ್ಲದೆ ಕೊಂಡಿ ಮಾರುವುದು ಅದರ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಹುಡುಕಾಟದಲ್ಲಿ ಕೆಳಗಿಳಿಯುವುದು ನಿಮ್ಮ ಬ್ಲಾಗು. ಹಣ ಪಡೆದು ಬರೆದುದನ್ನು ಜಾಹೀರಾತೆಂದು ತಿಳಿಸಬೇಕು ಎಂದು ಭಾರತೀಯ ಜಾಹೀರಾತು ಮಾನಕ ಮಂಡಳಿಯ 2021ರ ಮಾರ್ಗಸೂಚಿಯೂ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು.

ಇಂಥ ಪತ್ರಗಳಲ್ಲಿ ಮೊದಲು ಲೇಖನವನ್ನಲ್ಲ, ಕೊಂಡಿ ಹೋಗುವ ವಿಳಾಸವನ್ನು ತೆರೆದು ನೋಡಿ. ‘ಕೊಡಗಿನಲ್ಲಿ ನೋಡಬೇಕಾದ ಸ್ಥಳಗಳು’ ಎಂಬ ನಿರುಪದ್ರವಿ ಬರಹದ ನಾಲ್ಕನೆಯ ಪ್ಯಾರಾದಲ್ಲಿ ಬಾಜಿ ಕಟ್ಟುವ ತಾಣದ ಹೆಸರು ಅಡಗಿರುವುದನ್ನು ನಾನೇ ನೋಡಿದ್ದೇನೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ವಿಧಿಸಲು 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲಿ ಅವಕಾಶವಿದೆ. ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತೇವೆ ಎನ್ನುವ ಔಷಧಿಗಳ ಜಾಹೀರಾತನ್ನಂತೂ 1954ರ ಕಾನೂನೇ ನಿಷೇಧಿಸಿದೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನನ್ನ ಗಣಿತದ ಬ್ಲಾಗಿನಲ್ಲಿ ಪುಸ್ತಕದಂಗಡಿಯ ಜಾಹೀರಾತು ಹಾಕಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ನಿಮಗೆ ಅನ್ವಯಿಸುತ್ತವೆ, ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರದಲ್ಲಿ ತೊಡಗುವುದಕ್ಕೆ ಅವುಗಳಲ್ಲಿ ಅವಕಾಶವಿಲ್ಲ. ಜಾಗ ಮಾರಿ ತಿಂಗಳು ತಿಂಗಳು ಹಣ ಪಡೆಯುವುದನ್ನು ವ್ಯಾಪಾರವಲ್ಲ ಎಂದು ವಾದಿಸುವುದು ಕಷ್ಟ. ಮುಖ್ಯ ಶಿಕ್ಷಕರ ಮೂಲಕ ಲಿಖಿತ ಅರ್ಜಿ ಕೊಡಿ, ಬ್ಲಾಗಿನ ವಿಳಾಸ, ಅಂಗಡಿಯ ಹೆಸರು, ಪಡೆಯಲಿರುವ ಮೊತ್ತ ಮೂರನ್ನೂ ಅದರಲ್ಲಿ ಕಾಣಿಸಿ, ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಿ. ಅನುಮತಿಯ ಪತ್ರ ಕೈಗೆ ಬರುವವರೆಗೆ ಅಂಗಡಿಯವರಿಂದ ಮುಂಗಡ ಪಡೆಯಬೇಡಿ. ಆ ಅಂಗಡಿಯಲ್ಲಿ ನಿಮ್ಮದೇ ಶಾಲೆಯ ಮಕ್ಕಳು ಮಾರ್ಗದರ್ಶಿ ಪುಸ್ತಕ ಕೊಳ್ಳುತ್ತಾರಾದರೆ, ಅನುಮತಿ ಸಿಕ್ಕರೂ ನಾನಾದರೆ ಆ ಜಾಹೀರಾತನ್ನು ಹಾಕುತ್ತಿರಲಿಲ್ಲ.