ಒಂದೇ ತಾಯಿ ಮಕ್ಕಳಾದರೂ ಮಜ್ಜೆ ಯಾಕೆ ಹೊಂದಲ್ಲ?

ಪ್ರಶ್ನೆ: ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್. ಬೋನ್ ಮ್ಯಾರೋ ಕಸಿ ಮಾಡಬೇಕು ಎಂದು ಬೆಂಗಳೂರಿನಲ್ಲಿ ಡಾಕ್ಟರು ಹೇಳಿದ್ದಾರೆ. ನಾನು, ಅಣ್ಣ, ಅಕ್ಕ ಮೂವರೂ ಪರೀಕ್ಷೆ ಮಾಡಿಸಿದೆವು. ನಾಲ್ವರದೂ ಓ ಪಾಸಿಟಿವ್. ಆದರೂ ‘ಎಚ್‌ಎಲ್‌ಎ ಮ್ಯಾಚ್ ಇಲ್ಲ’ ಎಂದು ರಿಪೋರ್ಟ್ ಬಂತು. ಒಡಹುಟ್ಟಿದವರಿಗೂ ಹೀಗಾಗುತ್ತಾ? ನಮ್ಮ ಜನರಲ್ಲೇ ಹುಡುಕಿದರೆ ಯಾರಾದರೂ ಸಿಗಬಹುದಾ?
– ಓದುಗರು, ಗಂಗಾವತಿ

ಉತ್ತರ: ಆಗುತ್ತದೆ. ಇದಕ್ಕೆ ನೀವ್ಯಾರೂ ಮನಸ್ಸು ನೋಯಿಸಿಕೊಳ್ಳಬೇಡಿ. ಬ್ಲಡ್ ಗ್ರೂಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಗ್ರೂಪ್ ಬೇರೆಯಿದ್ದರೂ ಮಜ್ಜೆ ಕಸಿ ಮಾಡಬಹುದು. ನೋಡಬೇಕಾದದ್ದು ಎಚ್‌ಎಲ್‌ಎ, ಅಂದರೆ ಜೀವಕೋಶದ ಹೊರಮೈಯಲ್ಲಿರುವ, ದೇಹ ತನ್ನದು ಯಾವುದು ಹೊರಗಿನದು ಯಾವುದು ಎಂದು ಗುರುತಿಸಲು ನೆರವಾಗುವ ಪ್ರೋಟೀನುಗಳು.

ಆ ರಿಪೋರ್ಟನ್ನು ಇನ್ನೊಮ್ಮೆ ತೆಗೆದು ನೋಡಿ. ಎ, ಬಿ, ಸಿ, ಡಿಆರ್‌ಬಿ1 ಎಂಬ ಸಾಲುಗಳಿರುತ್ತವೆ. ಒಂದೊಂದು ಸಾಲಿನಲ್ಲೂ ‘ಎ*11:01, ಎ*24:02’ ಅನ್ನೋ ಥರ ಎರಡೆರಡು ನಂಬರು. ಒಂದು ಅಪ್ಪನದು, ಇನ್ನೊಂದು ಅವ್ವನದು. ಈ ಜೀನ್‌ಗಳೆಲ್ಲ 6ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಹಾಗಾಗಿ ಸಾಮಾನ್ಯವಾಗಿ ಇಡೀ ಕಟ್ಟೇ ಮಗುವಿಗೆ ಬರುತ್ತದೆ. ಅಪ್ಪನ ಎರಡು ಕಟ್ಟಿನಲ್ಲಿ ಒಂದು, ಅವ್ವನ ಎರಡರಲ್ಲಿ ಒಂದು. ಒಬ್ಬ ಅಣ್ಣನೋ ಅಕ್ಕನೋ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಷ್ಟೇ. ಮೂವರಿದ್ದರೂ ನೂರರಲ್ಲಿ ಸುಮಾರು 42 ಮನೆಗಳಲ್ಲಿ ಒಬ್ಬರೂ ಹೊಂದಲ್ಲ.

ಹೊರಗೆ ಹುಡುಕುವುದು ಇನ್ನೂ ಕಷ್ಟ. ಮನುಷ್ಯರಲ್ಲಿ ಈವರೆಗೆ ಗುರುತಿಸಿರುವ ಎಚ್‌ಎಲ್‌ಎ ರೂಪಗಳು 40 ಸಾವಿರಕ್ಕೂ ಜಾಸ್ತಿ. ನಮ್ಮ ಜೀನ್‌ಗಳಲ್ಲೆಲ್ಲ ಇಷ್ಟು ವೈವಿಧ್ಯ ಇರುವುದು ಇಲ್ಲೇ. ಯಾಕೆ ಅಂದರೆ, ಜೀವಕೋಶದೊಳಗಿನ ಪ್ರೋಟೀನಿನ ಚೂರುಗಳನ್ನು ಹೊರಮೈಗೆ ತಂದು ತೋರಿಸುವುದು ಎಚ್‌ಎಲ್‌ಎ ಕೆಲಸ. ವೈರಸ್ಸಿನ ಚೂರು ಕಂಡರೆ ರಕ್ಷಣಾ ಕಣಗಳು ಆ ಜೀವಕೋಶವನ್ನೇ ಕೊಲ್ಲುತ್ತವೆ. ಒಂದೊಂದು ರೂಪ ಒಂದೊಂದು ಬಗೆಯ ಚೂರನ್ನು ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ಕಡೆಯ ಗದ್ದೆಗಳನ್ನೇ ನೋಡಿ. ಊರಿಗೆ ಊರೇ ಒಂದೇ ತಳಿ ಭತ್ತ ನಾಟಿ ಮಾಡಿದಾಗ ಕಂದು ಜಿಗಿಹುಳು ಬಿದ್ದರೆ ಯಾರ ಬೆಳೆಯೂ ಉಳಿಯಲ್ಲ. ನಾಲ್ಕಾರು ತಳಿ ಇದ್ದರೆ ಒಂದಿಷ್ಟಾದರೂ ಕೈಗೆ ಬರುತ್ತದೆ.

ಯಾವ ಊರಲ್ಲಿ ಯಾವ ರೋಗ ಕಾಡಿತೋ ಅಲ್ಲಿ ಅದನ್ನು ತಡೆದ ರೂಪ ಹೆಚ್ಚಿತು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ 1991ರಲ್ಲಿ ಇದು ಗೊತ್ತಾಯಿತು. ಎಚ್‌ಎಲ್‌ಎಯ ಬಿ53 ಎಂಬ ರೂಪ ಇದ್ದ ಮಕ್ಕಳಿಗೆ ಮಲೇರಿಯಾ ಪ್ರಾಣಕ್ಕೆ ಬರುವಷ್ಟು ಜೋರಾಗುವುದು ಕಡಿಮೆಯಿತ್ತು. ಆ ರೂಪ ಅಲ್ಲಿ ಜಾಸ್ತಿ, ಯುರೋಪಿನಲ್ಲಿ ವಿರಳ. ಈ ವೈವಿಧ್ಯ ನಮ್ಮನ್ನು ಉಳಿಸಿದೆ. ಕಸಿ ಮಾಡುವಾಗ ಮಾತ್ರ ಅದೇ ಅಡ್ಡ ಬರುತ್ತದೆ.

ನಿಮ್ಮ ಜನರಲ್ಲೇ ಹುಡುಕುವ ಯೋಚನೆ ಸರಿಯಾಗಿದೆ. ಭಾರತದಲ್ಲಿ ಶತಮಾನಗಳಿಂದ ಒಳಗೊಳಗೇ ಮದುವೆ ನಡೆದುಬಂದಿದೆ. ಒಂದೊಂದು ಸಮುದಾಯದಲ್ಲಿ ಒಂದೊಂದು ಕಟ್ಟು ಜಾಸ್ತಿ ಕಾಣುತ್ತದೆ. ಹಾಗಂತ ಯಾವ ಕಟ್ಟೂ ಒಂದೇ ಜಾತಿಯ ಸ್ವತ್ತಲ್ಲ. ಪಕ್ಕದ ಓಣಿಯಲ್ಲೂ ಇರಬಹುದು, ಬೇರೆ ರಾಜ್ಯದಲ್ಲೂ ಸಿಗಬಹುದು. ದಾನಿಗಳ ಪಟ್ಟಿಯಲ್ಲಿ ಹೆಸರಿದ್ದರೆ ತಾನೇ ಸಿಗೋದು? ಅಮೆರಿಕದ ಪಟ್ಟಿಯ ಲೆಕ್ಕ 2014ರಲ್ಲಿ ಬಂತು. ಯುರೋಪ್ ಮೂಲದ ಬಿಳಿಯರಿಗೆ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಶೇ 75, ಆಫ್ರಿಕನ್ ಅಮೆರಿಕನ್ನರಿಗೆ ಶೇ 19. ಇದು ನನ್ನ ಮನಸ್ಸನ್ನು ಕಲಕುವ ಲೆಕ್ಕ. ನಮ್ಮಲ್ಲಿ ದಾತ್ರಿ, ಡಿಕೆಎಂಎಸ್ ಇಂಡಿಯಾದಂಥ ರಿಜಿಸ್ಟ್ರಿಗಳಿವೆ. 18 ತುಂಬಿದ ಆರೋಗ್ಯವಂತರು ಹೆಸರು ಕೊಡಬಹುದು. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ಸಾಕು. ಮುಂದೆ ಯಾರಿಗಾದರೂ ಹೊಂದಿದರೆ, ಬಹುತೇಕ ಸಲ ತೋಳಿನ ರಕ್ತದಿಂದಲೇ ಕಾಂಡಕೋಶ (ಹೊಸ ರಕ್ತಕಣ ಹುಟ್ಟಿಸುವ ಮೂಲ ಕೋಶ) ತೆಗೆಯುತ್ತಾರೆ.

ಇನ್ನೊಂದು ಮಾತು. ‘ಮ್ಯಾಚ್ ಇಲ್ಲ’ ಅಂದರೆ ‘ಪೂರ್ತಿ ಮ್ಯಾಚ್ ಇಲ್ಲ’ ಎಂದೂ ಇರಬಹುದು. ಅಪ್ಪ ಅವ್ವ ಕನಿಷ್ಠ ಅರ್ಧ ಹೊಂದಿಯೇ ಇರುತ್ತಾರೆ. ನಿಮ್ಮ ಮೂವರಲ್ಲೂ ಒಬ್ಬರು ಅರ್ಧ ಹೊಂದಿರಬಹುದು. ಅರ್ಧ ಹೊಂದಿದವರಿಂದ ಕಸಿ ಮಾಡುವುದು ಈಗ ಸಾಮಾನ್ಯವಾಗಿದೆ. ರಿಜಿಸ್ಟ್ರಿಯಲ್ಲಿ ಹುಡುಕುತ್ತಲೇ ಇದನ್ನೂ ಡಾಕ್ಟರ ಹತ್ತಿರ ಕೇಳಿ. ತಡ ಮಾಡಬೇಡಿ.

ಪ್ರಶ್ನೆ: ನಾನು ಸೋದರಮಾವನನ್ನೇ ಮದುವೆಯಾಗಿದ್ದೇನೆ. ಮಕ್ಕಳಿಗೆ ರೋಗ ತಡೆಯುವ ಶಕ್ತಿ ಕಡಿಮೆ ಇರುತ್ತಾ?
– ಓದುಗರು, ಸಿಂಧನೂರು

ಉತ್ತರ: ಸುಮ್ನೆ ಹೆದರಬೇಡಿ. ಸೋದರಮಾವನ ಜೊತೆ ಮದುವೆಯಾದಾಗ, ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಹಿರಿಯರಿಂದ ಮಗುವಿಗೆ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಎಚ್‌ಎಲ್‌ಎಗೂ ಇದೇ ಲೆಕ್ಕ. ಹಾಗಾದ ಮಗುವಿಗೆ ರೂಪಗಳ ವೈವಿಧ್ಯ ಕಡಿಮೆ. ಆದರೆ ಅದರಿಂದಲೇ ಮಗು ಪದೇ ಪದೇ ಕಾಯಿಲೆ ಬೀಳುತ್ತದೆ ಎಂದೇನಿಲ್ಲ. ಇಂಥ ಮದುವೆಯಲ್ಲಿ ಯೋಚನೆ ಮಾಡಬೇಕಾದದ್ದು ಥಲಸ್ಸೇಮಿಯಾದಂಥ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ), ಅಪ್ಪ ಅವ್ವ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಕಾಣಿಸುವ ಕಾಯಿಲೆಗಳ ಬಗ್ಗೆ. ಮತ್ತೆ ಬಸಿರಾಗುವ ಮೊದಲು ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ. ಗಂಗಾವತಿಯವರಿಗೂ ಇಲ್ಲೊಂದು ವಿಷಯವಿದೆ. ನಿಮ್ಮ ಅಪ್ಪ ಅವ್ವ ರಕ್ತಸಂಬಂಧಿಗಳಾಗಿದ್ದರೆ ಅವರನ್ನೂ, ಮಾವ, ಚಿಕ್ಕಪ್ಪ, ಅವರ ಮಕ್ಕಳನ್ನೂ ಪರೀಕ್ಷೆ ಮಾಡಿಸಿ. ಇಂಥ ಮನೆತನಗಳಲ್ಲಿ ಪೂರ್ತಿ ಹೊಂದುವವರು ಅವರಲ್ಲೇ ಸಿಕ್ಕಿಬಿಡಬಹುದು.

ಪ್ರಶ್ನೆ: ಅಪ್ಪನಿಗೆ ಫಿಟ್ಸ್ ಬರುತ್ತವೆ ಎಂದು ಕಾರ್ಬಮಜೆಪಿನ್ ಬರೆದಿದ್ದಾರೆ. ಈ ಗುಳಿಗೆ ಕೆಲವರ ಜೀನ್‌ಗೆ ಆಗಿಬರಲ್ಲ ಎಂದು ಕೇಳಿದೆ. ನಿಜವಾ?
– ಓದುಗರು, ಬಳ್ಳಾರಿ

ಉತ್ತರ: ನಿಜ. ಅದೂ ಎಚ್‌ಎಲ್‌ಎ ವಿಷಯವೇ. ಈ ಗುಳಿಗೆಯಿಂದ ಚರ್ಮ ಸುಲಿದು ಹೋಗುವಂಥ ಅಪಾಯಕ್ಕೆ ಸಿಕ್ಕ 44 ಜನರನ್ನು ತೈವಾನಿನ ವಿಜ್ಞಾನಿಗಳು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. 44 ಜನರಲ್ಲೂ ಬಿ*15:02 ಇತ್ತು. ಈ ರೂಪ ಆಗ್ನೇಯ ಏಷ್ಯಾದಲ್ಲಿ ಜಾಸ್ತಿ. ಭಾರತದಲ್ಲಿ ಅಷ್ಟಿಲ್ಲದಿದ್ದರೂ ಇದೆ. ಹೊಸದಾಗಿ ಶುರು ಮಾಡುವುದಾದರೆ ಪರೀಕ್ಷೆ ಬೇಕಾ ಎಂದು ಡಾಕ್ಟರನ್ನು ಕೇಳಿ. ವರ್ಷಗಟ್ಟಲೆ ತೊಂದರೆಯಿಲ್ಲದೆ ತಗೊಳ್ತಿದ್ದರೆ ಗಾಬರಿಯಾಗಿ ನೀವೇ ನಿಲ್ಲಿಸಬೇಡಿ, ಫಿಟ್ಸ್ ಮರುಕಳಿಸುತ್ತದೆ. ಅಪಾಯ ಇರುವುದು ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ. ಜ್ವರದ ಜೊತೆ ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಕೆಂಪು ಮಚ್ಚೆ ಅಥವಾ ಗುಳ್ಳೆ ಕಂಡರೆ ಗುಳಿಗೆಯ ಚೀಟಿ ಹಿಡಿದು ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.