ಹಸಿ ಜೆಲ್ಲಿನಿಂದ ಫಾಸ್ಫರ್ ಸ್ಕ್ರೀನ್ ಕಾಪಾಡುವುದು ಹೇಗೆ?

ವಿಕಿರಣ ಸೂಸುವ ಫಾಸ್ಫರಸ್-32 ಇರುವ ಜೆಲ್ಲನ್ನು (ಡಿಎನ್ಎಯಂಥ ಅಣುಗಳನ್ನು ಬೇರ್ಪಡಿಸುವ ಮೆತ್ತನೆಯ ಹಾಳೆ) ಒಣಗಿಸದೆ ಫಾಸ್ಫರ್ ಸ್ಕ್ರೀನ್ ಮೇಲೆ, ಅಂದರೆ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟು ಸ್ಕ್ಯಾನಿನಲ್ಲಿ ಚಿತ್ರ ಕೊಡುವ ಫಲಕದ ಮೇಲೆ, ಇಡಬಹುದೇ ಎಂದು ಕೇಳಿದ್ದೀರಿ. ಇಡಬಹುದು. ಆದರೆ ಒಂದು ಹನಿಯೂ ಆಚೆ ಬರಕೂಡದು.

ನಾನೀಗ ದಾವಣಗೆರೆಯಲ್ಲಿ ಪಾಠ ಮಾಡುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ನಾನೇ ಸುತ್ತಿದ ಜೆಲ್ಲಿನ ಒಂದು ಮೂಲೆ ಬಿಚ್ಚಿಕೊಂಡು ಒಳಗಿನ ಬಫರ್ ದ್ರಾವಣ ಸ್ಕ್ರೀನಿಗೆ ಸೋರಿತ್ತು. ಆಮೇಲೆ ಎಷ್ಟು ಸಲ ಬೆಳಕಿಗಿಟ್ಟು ಅಳಿಸಿದರೂ ಸ್ಕ್ಯಾನಿನಲ್ಲಿ ಅದೇ ಜಾಗಕ್ಕೆ ಅದೇ ಕಪ್ಪು ಕಲೆ. ಬೆಳಕು ಅಳಿಸುವುದು ಹರಳಿನೊಳಗೆ ಉಳಿದ ಶಕ್ತಿಯನ್ನು, ಮೇಲೆ ಅಂಟಿದ ಫಾಸ್ಫರಸ್-32ನ್ನಲ್ಲ. ಅದರ ಅರ್ಧಾಯು 14.3 ದಿನ, ಐದು ತಿಂಗಳು ಎತ್ತಿಟ್ಟು ಮತ್ತೆ ಬಳಸಿದೆವು. ಕಾರ್ಬನ್-14 ಆಗಿದ್ದರೆ 5,730 ವರ್ಷ! ಇನ್ನು ತೇವ ತಾಗಿ ಸ್ಕ್ರೀನಿನ ಬೇರಿಯಂ ಫ್ಲೋರೋಬ್ರೋಮೈಡ್ ಹರಳುಗಳ ಪದರವೇ ಕೆಟ್ಟರೆ ಕಾದು ಪ್ರಯೋಜನವಿಲ್ಲ.

ವಿಕಿರಣ ತಡೆಯುವ ದಪ್ಪ ಅಕ್ರಿಲಿಕ್ ಶೀಲ್ಡ್ ಹಿಂದೆ ನಿಂತು, ಜೆಲ್ಲನ್ನು ಹಿಡಿದ ಎರಡು ಗಾಜುಗಳಲ್ಲಿ ಒಂದನ್ನು ಬಿಡಿಸಿ, ಜೆಲ್ ಮೇಲೆ ದಪ್ಪ ಫಿಲ್ಟರ್ ಪೇಪರ್ ಒತ್ತಿ ಎತ್ತಿಕೊಳ್ಳಿ. ಹೆಚ್ಚುವರಿ ನೀರನ್ನು ಅದು ಹೀರುತ್ತದೆ. ಸ್ಕ್ರೀನಿಗೆ ತಾಗುವ ಮುಖಕ್ಕೆ ಕ್ಲಿಂಗ್ ಫಿಲ್ಮನ್ನು ಸುಕ್ಕಿಲ್ಲದಂತೆ ಎಳೆದು, ಅಂಚುಗಳನ್ನೆಲ್ಲ ಹಿಂಬದಿಗೆ ಮಡಚಿ ಟೇಪ್ ಹಾಕಿ. ಈಗ ಗ್ಲೌಸ್ ಬದಲಿಸಿ, ಆಮೇಲೆ ಎರಡನೇ ಪದರ ಸುತ್ತಿ. ವಿದ್ಯಾರ್ಥಿಗಳು ಮರೆಯುವುದು ಈ ಗ್ಲೌಸನ್ನೇ. ಒಳಪದರ ಸುತ್ತಿದ ಕೈ ಹೊರಪದರಕ್ಕೂ ಕಲೆ ಹಚ್ಚುತ್ತದೆ. ಕೊನೆಗೆ ಹೊರಮೈಯನ್ನು ಟಿಶ್ಯೂವಿನಿಂದ ಒರೆಸಿ, ಆ ಟಿಶ್ಯೂವನ್ನು ಜೆಲ್ಲಿನಿಂದ ದೂರ ಒಯ್ದು ಗೈಗರ್ ಕೌಂಟರಿಗೆ ಹಿಡಿಯಿರಿ. ಜೆಲ್ ಹತ್ತಿರವೇ ಹಿಡಿದರೆ ಹೇಗೂ ಸದ್ದು ಮಾಡುತ್ತದೆ, ಏನೂ ತಿಳಿಯುವುದಿಲ್ಲ.

ಎರಡು ಪದರ ಸುತ್ತಿದರೆ ಚಿತ್ರ ಮಂಕಾಗುವುದೇ? ಫಾಸ್ಫರಸ್-32ರ ಬೀಟಾ ಕಣಗಳಿಗೆ ಗರಿಷ್ಠ 1.71 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ, ಇಷ್ಟು ತೆಳು ಪ್ಲಾಸ್ಟಿಕ್ ಅವಕ್ಕೆ ಲೆಕ್ಕಕ್ಕಿಲ್ಲ. ಸಲ್ಫರ್-35, ಕಾರ್ಬನ್-14ಕ್ಕೆ ಅದರ ಹತ್ತನೇ ಒಂದು ಪಾಲೂ ಇಲ್ಲ ಎನ್ನಬಹುದು. ಅಲ್ಲಿ ಜೆಲ್ಲನ್ನು ವ್ಯಾಕ್ಯೂಮ್ ಡ್ರೈಯರಿನಲ್ಲಿ ಒಣಗಿಸಿಯೇ ಇಡಿ. ಟ್ರಿಟಿಯಂಗೆಂದೇ ಮಾಡಿದ ಸ್ಕ್ರೀನಿಗಂತೂ ರಕ್ಷಣೆಯ ಲೇಪನವೇ ಇರುವುದಿಲ್ಲ, ಹಸಿ ವಸ್ತು ಹತ್ತಿರವೂ ಬೇಡ.

ಹಸಿ ಜೆಲ್ಲಿನಲ್ಲಿ ಬ್ಯಾಂಡುಗಳು (ಬೇರ್ಪಟ್ಟ ಅಣುಗಳ ಪಟ್ಟಿಗಳು) ಹರಡದಿರಲೆಂದು ಜೆಲ್ ಮತ್ತು ಸ್ಕ್ರೀನ್ ಇರುವ ಪೆಟ್ಟಿಗೆಯನ್ನು, ಅಂದರೆ ಕ್ಯಾಸೆಟ್ಟನ್ನು, ಫ್ರೀಜರಿನಲ್ಲಿ ಇಡುವುದುಂಟು. ಹೊರತೆಗೆದ ಕೂಡಲೇ ಬಿಚ್ಚಬೇಡಿ. ಡಬ್ಬಿಯೊಳಗಿನ ಮಂಡಕ್ಕಿಯೂ ಮೆತ್ತಗಾಗುವ ನಮ್ಮ ಶ್ರಾವಣದ ಗಾಳಿಯಲ್ಲಿ ತಣ್ಣನೆಯ ಸ್ಕ್ರೀನ್ ಕ್ಷಣದಲ್ಲಿ ಬೆವರುತ್ತದೆ. ಕ್ಯಾಸೆಟ್ ಮುಟ್ಟಿದರೆ ತಣ್ಣಗಿಲ್ಲ ಅನ್ನಿಸುವ ತನಕ ಮುಚ್ಚಿಯೇ ಇರಲಿ.